ಒಂದೇ ಸದ್ದಿನ ಜೋಡಿ

"ಒಂಟಿಯಾಗೇ ಮಾರಿ," ಎಂದಳು ಅಜ್ಜಿ. "ಇದರ ಜೋಡಿ ಎಲ್ಲಾದ್ರೂ ಕಣ್ಣಿಗೆ ಬಿದ್ರೂ ತಂದು ಪಕ್ಕದಲ್ಲಿ ಇಡಬೇಡಿ. ಒಡಹುಟ್ಟಿದವರು ಒಟ್ಟಿಗೆ ಕೆಲಸ ಮಾಡೋ ಜಾಗದಲ್ಲಂತೂ ಬೇಡವೇ ಬೇಡ."

ಹರಾಜು ಕಚೇರಿಯ ಹೊಸ ತಜ್ಞ ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡ. ಕಾಲೇಜಿನಲ್ಲಿ ಹತ್ತು ವರ್ಷ ಲೋಹಶಾಸ್ತ್ರ ಪಾಠ ಮಾಡಿ, ಬೇಸತ್ತು, ಎರಡು ತಿಂಗಳ ಹಿಂದಷ್ಟೇ ಈ ಹಳೇ ಬಂದೂಕುಗಳ ವ್ಯಾಪಾರಕ್ಕೆ ಬಂದವನು. ಇಲ್ಲಿನವರು ಅವನನ್ನು 'ಪ್ರೊಫೆಸರ್' ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ. ಆಸಾಮಿ ಮಾತ್ರ ಪೂರ್ತಿ ಗೌರವವೆಂದೇ ತೆಗೆದುಕೊಂಡಿದ್ದ.

ಮೇಜಿನ ಮೇಲೆ ಅಜ್ಜಿ ತಂದ ಮರದ ಪೆಟ್ಟಿಗೆ ತೆರೆದಿತ್ತು. ಒಳಗೆ ಹಸಿರು ಮಖಮಲ್ಲಿನಲ್ಲಿ ಎರಡು ಪಿಸ್ತೂಲು ಮಲಗುವಂಥ ಎರಡು ಗುಳಿಗಳು. ಒಂದರಲ್ಲಿ ಚಕಮಕಿ ಕಲ್ಲಿನ ಕಾಲದ, ಉದ್ದ ಕೊಳವೆಯ, ಬೆಳ್ಳಿಯ ಬಳ್ಳಿ ಕೆತ್ತಿದ ಪಿಸ್ತೂಲು. ಇನ್ನೊಂದು ಖಾಲಿ. ಪೆಟ್ಟಿಗೆಯಿಂದ ಹಳೇ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು. ಪ್ರೊಫೆಸರನ ಕಣ್ಣು ಪಿಸ್ತೂಲಿಗಿಂತ ಹೆಚ್ಚಾಗಿ ಆ ಖಾಲಿ ಗುಳಿಯ ಮೇಲೇ ಇತ್ತು.

"ಯಾಕೆ ಅಜ್ಜಿ, ಜೊತೇಲಿಟ್ರೆ ಎರಡೂ ಜಗಳ ಆಡ್ತವಾ?"

ಅಜ್ಜಿ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು. ಈ ಪಿಸ್ತೂಲುಗಳನ್ನು ಮಾಡಿಸಿದವನಿಗೆ ಇಬ್ಬರು ಗಂಡುಮಕ್ಕಳು. ಒಬ್ಬರ ರಕ್ತ ಒಬ್ಬರು ಕುಡಿಯಲು ಕಾದಿದ್ದವರು. ಅಪ್ಪ ಒಬ್ಬ ಮಾಟಗಾರನನ್ನು ಕರೆಸಿ, ಮಕ್ಕಳ ಎದೆಯಲ್ಲಿದ್ದ ಹಗೆಯನ್ನು ತೆಗೆಸಿ, ಎರಡು ಪಾಲು ಮಾಡಿಸಿ, ಒಂದೊಂದು ಪಾಲನ್ನು ಒಂದೊಂದು ಪಿಸ್ತೂಲಿನ ಹೊಟ್ಟೆಯೊಳಗೆ ಕಟ್ಟಿಸಿದನಂತೆ. ಬೇರೆ ಬೇರೆ ಇರುವವರೆಗೆ ಅದಕ್ಕೆ ನಿದ್ದೆ. ಕೂಡಿಸಿದರೆ ಎಚ್ಚರವಾಗುತ್ತದೆ. ಎದ್ದಿದ್ದೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರನ್ನು ಹುಡುಕುತ್ತದೆ.

"ನಿಮಗೇನಾದ್ರೂ ಆಯ್ತಾ ಇದರಿಂದ?"

"ನನಗೊಬ್ಬ ಅಣ್ಣ ಇದ್ದಾನೆ."

"ಇದ್ದಾನಲ್ಲ! ಮತ್ತಿನ್ನೇನು?"

ಅಜ್ಜಿ ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದಳು. "ಷರತ್ತು ಬರ್ಕೊಂಡ್ರಾ?" ಎಂದಷ್ಟೇ ಕೇಳಿದಳು. ಬರ್ಕೊಂಡೆ ಎಂದ. ಬರೆದಿರಲಿಲ್ಲ. ಆ ಕಚೇರಿಯ ಅರ್ಜಿಯಲ್ಲಿ ಮಾಲು ತಂದವರ ಷರತ್ತಿಗೆಂದೇ ಒಂದು ಅಂಕಣವಿತ್ತು. ತಂದವರು ಹುಚ್ಚು ಮಾತಾಡಿದರೂ ಅದರಲ್ಲಿ ಬರೆಯಬೇಕು, ಬರೆದದ್ದನ್ನು ಮೀರಬಾರದು ಎನ್ನುವುದು ಒಡತಿಯ ಕಟ್ಟಪ್ಪಣೆ. ಪ್ರೊಫೆಸರ್ ಅಂಕಣವನ್ನು ಖಾಲಿ ಬಿಟ್ಟು, ಅಜ್ಜಿಯ ಸಹಿ ಹಾಕಿಸಿಕೊಂಡು, ಬಾಗಿಲವರೆಗೆ ಬಂದು ಕಳಿಸಿಕೊಟ್ಟ.

ಒಡತಿ ಬೇರೆ ಯಾರೂ ಅಲ್ಲ, ಅವನ ಅಕ್ಕ. ಹರಾಜಿನ ಕಟ್ಟೆಯ ಮೇಲೆ ನಿಂತು ಸುತ್ತಿಗೆ ಬಡಿಯುವವಳು. ಹಳೇ ಬಂದೂಕಿನ ಹುಚ್ಚು ಹತ್ತಿದವರಿಗೆಲ್ಲ ಅವಳು 'ಸುತ್ತಿಗೆಯಕ್ಕ'. ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮನಿಗೆ ಆರು. ಅವನಿಗೆ ಸ್ನಾನ ಮಾಡಿಸಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ತಲೆದೆಸೆಯಲ್ಲಿ ಕೂತದ್ದು ಎಲ್ಲ ಅವಳೇ. ಅವಳನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಬೇಕೆಂದು ಅನ್ನಿಸಿದ್ದೂ ಇಲ್ಲ.

"ಬೆಳಗ್ಗೆಯಿಂದ ಏನ್ ಕಡಿದು ಕಟ್ಟೆ ಹಾಕಿದ್ಯೋ?" ಎಂದು ಆವತ್ತು ಮಧ್ಯಾಹ್ನ ಅಕ್ಕ ತನ್ನ ಡಬ್ಬಿಯನ್ನು ಅವನ ಕಡೆ ಸರಿಸಿದಳು.

"ಒಂದು ಪಿಸ್ತೂಲು ಬಂದಿದೆ. ಅದರ ಜೋಡಿ ಯಾರ ಹತ್ರ ಇದೆ ಅಂತ ನನಗೆ ಗೊತ್ತು."

ಅವಳ ಕಣ್ಣರಳಿತು. "ಜೋಡಿ ಕೂಡಿಸಿದ್ರೆ ನಿನ್ನ ಹೆಸರು ಈ ಬಜಾರಲ್ಲಿ ನಿಲ್ಲತ್ತೆ ಕಣೋ. ಆಮೇಲೆ ನಿನ್ನ ಯಾರೂ ಅಕ್ಕನ ಬಾಲ ಅನ್ನಲ್ಲ." ಹಾಗೆಂದು ಅವನ ತಲೆಗೊಂದು ಮೊಟಕಿದಳು. ನಲವತ್ತರ ಹತ್ತಿರ ಬಂದ ತಮ್ಮ ಖುಷಿಯಿಂದ ತಲೆ ಸವರಿಕೊಂಡ. ಅಜ್ಜಿಯ ಮಾತನ್ನು ಹೇಳಲು ಅದೇ ಸಮಯವಾಗಿತ್ತು. ಅವನು ಹೇಳಲಿಲ್ಲ.

ಜೋಡಿಯ ಇನ್ನೊಂದು ಪಿಸ್ತೂಲು ಇದ್ದದ್ದು ಒಬ್ಬ ಹಲ್ಲಿನ ಡಾಕ್ಟರ ಬಳಿ; ಹೋದ ತಿಂಗಳಷ್ಟೇ ಪ್ರೊಫೆಸರ್ ಅದನ್ನು ಅಲ್ಲಿ ಕಂಡಿದ್ದ. ಒಬ್ಬನೇ ಮಗನಾಗಿ ಬೆಳೆದ ಆಸಾಮಿ. ಎರಡನ್ನೂ ಕೂಡಿಸಿ ಮಾರಿದರೆ ಒಂಟಿಗೆ ಸಿಗುವ ಬೆಲೆಗೆ ನಾಲ್ಕು ಪಟ್ಟು ಸಿಗುತ್ತದೆಂದು ಪ್ರೊಫೆಸರ್ ತಲೆ ತಿಂದ ಮೇಲೆ ಡಾಕ್ಟರು ಒಪ್ಪಿದರು. ಸೋಮವಾರ ಬೆಳಗ್ಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಅವರನ್ನು ಕಳಿಸಿ ಪ್ರೊಫೆಸರ್ ನೆಲಮಾಳಿಗೆಯ ಭದ್ರಕೋಣೆಗೆ ಇಳಿದ.

ಕಿಟಕಿಯಿಲ್ಲದ ಕೋಣೆ. ಒಂದೇ ದೀಪ. ಗೋಡೆಯುದ್ದಕ್ಕೂ ಬಂದೂಕುಗಳು, ಹೊರಗಿನ ಬೀದಿಯ ಒಂದು ಸದ್ದೂ ಇಲ್ಲ. ಎರಡು ಪಿಸ್ತೂಲುಗಳನ್ನೂ ಬಿಚ್ಚಿ ನೋಡಿದ. ಕೊಳವೆಯಡಿ ಒಂದರಲ್ಲಿ ಒಂದು ಗೀರು, ಇನ್ನೊಂದರಲ್ಲಿ ಎರಡು. ಹಿಡಿಯ ಮರ ಒಂದೇ ಹಲಗೆಯದು, ಒಂದರ ಗೆರೆ ಇನ್ನೊಂದಕ್ಕೆ ಹರಿದುಹೋಗಿತ್ತು. ಟ್ರಿಗರಿನ ಮೇಲಿನ ತಗಡನ್ನು ತೆಗೆದಾಗ ಅದರಡಿ ಏನೋ ಸಿಕ್ಕಿಕೊಂಡಿತ್ತು. ಚಿಮುಟದಿಂದ ಎಳೆದ. ಮಡಚಿದ ತಾಮ್ರದ ತುಣುಕು, ಅದರ ಸುತ್ತ ಮನುಷ್ಯನ ಕೂದಲು ಬಿಗಿದಿತ್ತು. ಇನ್ನೊಂದರಲ್ಲೂ ಅಂಥದೇ.

ಕೂದಲು ಕತ್ತರಿಸಿ ಬಿಡಿಸಿದ. ಯಾವ ಲಿಪಿಯೋ ತಿಳಿಯದ ಗೀಚು. ಎರಡೂ ತುಣುಕಿನ ಒಂದೊಂದು ಅಂಚು ಹರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದರೇನೋ. ಆದರೆ ಜೋಡಿ ಹುಡುಕುವ ಚಟ ಹತ್ತಿದವನಿಗೆ ಎರಡು ಅರೆಗಳನ್ನು ಕಂಡು ಸುಮ್ಮನಿರಲು ಆಗುವುದಿಲ್ಲ. ಅವನು ಅವುಗಳನ್ನು ಮೇಜಿನ ಮೇಲಿಟ್ಟು, ಹರಿದ ಅಂಚಿಗೆ ಹರಿದ ಅಂಚನ್ನು ತಂದು ಕೂಡಿಸಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ಥಟ್ಟನೆ ವಾಸನೆ ಬಂತು. ಸುಟ್ಟ ಕೂದಲಿನದು, ಹಿಂದೆಯೇ ಸಿಡಿಮದ್ದಿನದು. ದೀಪ ಕಂದಿತು. ಯಾರೋ ಅವನ ಕತ್ತಿನ ಹಿಂದೆ ಬಾಯಿ ತೆರೆದು ಉಸಿರು ಬಿಟ್ಟ ಹಾಗಾಯಿತು. ತಿರುಗಿ ನೋಡಿದರೆ ಬಂದೂಕುಗಳ ಸಾಲು ಮಾತ್ರ. "ತಾಮ್ರದ ಕಿಲುಬು," ಎಂದು ಅವನು ಗಟ್ಟಿಯಾಗಿ ತನಗೇ ಪಾಠ ಹೇಳಿಕೊಂಡ. ತುಣುಕುಗಳನ್ನು ಒಂದು ಲಕೋಟೆಗೆ ಹಾಕಿ, ಪಿಸ್ತೂಲುಗಳನ್ನು ಪೆಟ್ಟಿಗೆಯ ಎರಡೂ ಗುಳಿಗಳಲ್ಲಿ ಮಲಗಿಸಿ, ಲಕೋಟೆಯನ್ನೂ ಅಲ್ಲೇ ಇಟ್ಟು ಮುಚ್ಚಿದ.

ಮಂಗಳವಾರ ಪೆಟ್ಟಿಗೆ ತೆರೆದಾಗ ಎರಡೂ ಪಿಸ್ತೂಲುಗಳ ಕೊಕ್ಕು ಅರ್ಧ ಮೇಲೆದ್ದಿತ್ತು. ಕೊಕ್ಕೆಂದರೆ ಚಕಮಕಿ ಕಲ್ಲನ್ನು ಕಚ್ಚಿಕೊಂಡು, ಟ್ರಿಗರ್ ಒತ್ತಿದಾಗ ಬಂದು ಬಡಿಯುವ ಕಬ್ಬಿಣ. ಸ್ಪ್ರಿಂಗು ಸಡಿಲವಾದರೆ ಅದು ಕೆಳಗೆ ಬೀಳಬೇಕೇ ಹೊರತು ತಾನಾಗಿ ಮೇಲೇಳುವುದಿಲ್ಲ. ಲೋಹಶಾಸ್ತ್ರ ಓದಿದವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಕೋಣೆಯ ಬೀಗದ ಕೈ ಇದ್ದದ್ದೂ ಅವನ ಜೇಬಿನಲ್ಲೇ. ಆದರೂ 'ಹವೆಯ ತೇವಕ್ಕೆ ಉಕ್ಕು ಹಿಗ್ಗಿದೆ' ಎಂದು ಪುಸ್ತಕದಲ್ಲಿ ಬರೆದಿಟ್ಟ.

ಆವತ್ತು ಮಧ್ಯಾಹ್ನ ಅಕ್ಕ ಅಗಿಯುವ ಸದ್ದು ಅವನ ಕಿವಿಗೆ ಬಿತ್ತು. ಮೂವತ್ತು ವರ್ಷ ಎದುರಿಗೆ ಕೂತು ಉಂಡವನಿಗೆ ಮೊದಲ ಸಲ ಕೇಳಿಸಿತು. ಎದ್ದು ಹೋಗೋಣವೆನ್ನಿಸಿತು. ಅವಳು ಡಬ್ಬಿ ಸರಿಸಿದಾಗ ಆ ಕೈಯಲ್ಲಿ ಗೆದ್ದವರ ಜಂಬ ಕಂಡಿತು. ತಾಯಿಯಿಲ್ಲದ ಮಗುವನ್ನು ಸಾಕಿದೆನೆಂಬ ಹೆಸರನ್ನು ಊರೆಲ್ಲ ಹೊತ್ತು ತಿರುಗಿದವಳಲ್ಲವೇ ಇವಳು? ಮೊಟಕುವುದು, ಕೆಣಕುವುದು ಎಲ್ಲ ತನ್ನನ್ನು ಇನ್ನೂ ಆರು ವರ್ಷದವನಾಗಿಯೇ ಇಟ್ಟುಕೊಳ್ಳುವ ಹೂಟವಲ್ಲವೇ? ಇದು ಮಾಟವೆಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಇಷ್ಟು ದಿನ ಮುಚ್ಚಿದ್ದ ಕಣ್ಣು ಈಗ ತೆರೆಯಿತೆಂದು ಅನ್ನಿಸಿತು. ಬುದ್ಧಿವಂತರ ಪಾಡೇ ಇದು, ತಲೆಗೆ ಬಂದದ್ದನ್ನೆಲ್ಲ ತಮ್ಮ ಬುದ್ಧಿಯೆಂದೇ ನಂಬುತ್ತಾರೆ.

ಬುಧವಾರ ಇಬ್ಬರೂ ಕ್ಯಾಟಲಾಗಿನ ಒಂದು ಫೋಟೋಗಾಗಿ ಕಿತ್ತಾಡಿದರು. ಗುರುವಾರ ಕಾರಣವೇ ಬೇಕಾಗಲಿಲ್ಲ. ಭದ್ರಕೋಣೆಯ ವಾಸನೆ ಮೆಟ್ಟಿಲು ಹತ್ತಿ ಕಚೇರಿಗೆ ಬಂದಿತ್ತು. ಗಿರಾಕಿಗಳಿಗೆ ಅದು ತಾಗುತ್ತಿರಲಿಲ್ಲ, ಇವರಿಬ್ಬರಿಗೆ ಮಾತ್ರ.

"ನಿನ್ನ ಉಸಿರಿನ ಸದ್ದು ಕೇಳಿದ್ರೂ ಮೈಯೆಲ್ಲ ಉರಿಯತ್ತೆ ನಂಗೆ," ಎಂದುಬಿಟ್ಟಳು ಅಕ್ಕ. ಮರುಕ್ಷಣ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಮೆಲ್ಲಗೆ ಅವನ ಹತ್ತಿರ ಬಂದಳು. ಮುಖ ಬಿಳಿಚಿತ್ತು. "ಏನೋ ಆಗ್ತಿದೆ ಕಣೋ ನಮಗೆ. ಇದು ನಾವಲ್ಲ. ಆ ಪೆಟ್ಟಿಗೆ ತಂದ ಅಜ್ಜಿ ಏನಾದ್ರೂ ಹೇಳಿದ್ಲಾ? ಷರತ್ತು ಏನಾದ್ರೂ?"

ಅವಳಿಗೆ ನಿಜ ಹೇಳಿದರೆ ಜೋಡಿಯನ್ನು ಹರಾಜಿನಿಂದ ತೆಗೆಯುತ್ತಾಳೆ. ತನ್ನ ಹೆಸರು ನಿಲ್ಲುವುದು ಇವಳಿಗೆ ಬೇಕಿಲ್ಲ. ಅದಕ್ಕೇ ಈ ನಾಟಕ ಎಂದುಕೊಂಡ.

"ಏನೂ ಹೇಳಲಿಲ್ಲ. ಅರ್ಜಿ ನೋಡ್ಕೋ."

ಅವಳು ಅರ್ಜಿ ತೆಗೆದು ನೋಡಿದಳು. ಖಾಲಿ ಅಂಕಣ. ತಮ್ಮನ ಅಕ್ಷರವನ್ನು ನಂಬಿ ಅದನ್ನು ಹಾಗೇ ಮಡಚಿಟ್ಟಳು.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಹರಾಜು. ಸಭಾಂಗಣ ತುಂಬಿ, ಗೋಡೆಗೊರಗಿ ನಿಂತವರೂ ಇದ್ದರು. ಜೋಡಿಯ ಸುದ್ದಿ ಹಬ್ಬಿತ್ತು. ಪ್ರೊಫೆಸರ್ ಪೆಟ್ಟಿಗೆ ತಂದು ಮೇಜಿನ ಮೇಲೆ ತೆರೆದ. ಕೊಕ್ಕುಗಳೆರಡೂ ಪೂರ್ತಿ ಹಿಂದಕ್ಕೆ ಬಾಗಿ ಸಿದ್ಧವಾಗಿ ನಿಂತಿದ್ದವು. ಅವನು ಅವನ್ನು ಮುಟ್ಟಿಯೂ ಇರಲಿಲ್ಲ.

ಈ ಬಂದೂಕಿನ ಹುಚ್ಚರಲ್ಲಿ ಒಂದು ಪರೀಕ್ಷೆ ಇದೆ. ಜೋಡಿ ಅಸಲಿಯೋ ಬೆರಕೆಯೋ ತಿಳಿಯಬೇಕಾದರೆ ಕೊಕ್ಕಿನ ಬಾಯಿಗೆ ಕಲ್ಲಿನ ಬದಲು ತೊಗಲಿನ ಚೂರು ಕೊಟ್ಟು, ಇಬ್ಬರು ಎದುರುಬದುರು ನಿಂತು, ಕೊಳವೆಯನ್ನು ನೆಲದ ಕಡೆ ತಿರುಗಿಸಿ, ಒಂದೇ ಎಣಿಕೆಗೆ ಎರಡೂ ಟ್ರಿಗರ್ ಒತ್ತಬೇಕು. ಒಬ್ಬನೇ ಕಸುಬಿನವನ ಕೈಯಿಂದ ಬಂದವಾದರೆ ಎರಡೂ ಸೇರಿ ಒಂದೇ ಸದ್ದಾಗಿ ಕೇಳುತ್ತದೆ. ಮುಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡಿದ್ದ ಒಬ್ಬ ಶ್ರೀಮಂತ ಎದ್ದು ನಿಂತ. "ಸದ್ದು ಕೇಳಿಸಿ, ಆಮೇಲೆ ಕೂಗ್ತೀನಿ," ಎಂದ.

ಅಕ್ಕ ಕಟ್ಟೆಯಿಳಿದು ಬಂದು, ಎರಡು ಕೊಕ್ಕಿಗೂ ತೊಗಲಿನ ಚೂರು ಸಿಕ್ಕಿಸಿ, ಒಂದನ್ನು ಕೈಗೆತ್ತಿಕೊಂಡಳು. ಇನ್ನೊಂದು ತಮ್ಮನ ಕೈಗೆ. ಇಬ್ಬರ ನಡುವೆ ನಾಲ್ಕು ಹೆಜ್ಜೆ.

ಹಿಡಿ ಬೆಚ್ಚಗಿತ್ತು. ಅದು ಅವನ ಅಂಗೈಯನ್ನು ಹಿಡಿದುಕೊಂಡಿತು. ಸಭಾಂಗಣದ ಸದ್ದು ದೂರ ಸರಿಯಿತು. ಕತ್ತಲು ಅಂಚಿನಿಂದ ಬಂತು. ನಡುವೆ ಅವಳ ಮುಖವೊಂದೇ ಉಳಿಯಿತು. ಮದ್ದಿನ ವಾಸನೆ. ಕೂದಲು ಸುಟ್ಟ ವಾಸನೆ. ಅವಳ ಕೊಳವೆ ನೆಲದಿಂದ ಏಳುತ್ತಿತ್ತು. ಅವನದೂ. ಮೊಣಕಾಲು. ಹೊಟ್ಟೆ. ಎದೆ. ಅವಳ ಕಣ್ಣಲ್ಲಿಯೂ ಅದೇ ಹಗೆ. ಯಾರೋ ಎಣಿಸಿದರು. ಒಂದು. ಖಾಲಿ ಪಿಸ್ತೂಲು ಇದು, ಏನೂ ಆಗಲ್ಲ. ಎರಡು. ಏನಾದರೂ ಆಗಲಿ. ಸಾಯಲಿ ಇವಳು. ಮೂರು.

ಒತ್ತಿದ.

ಟಕ್.

"ಒಂದೇ ಸದ್ದು!" ಎಂದು ಮಫ್ಲರಿನವ ಕೂಗಿದ. ಕೊಳವೆ ಎತ್ತಿದ್ದನ್ನು ಆಟವೆಂದೇ ತಿಳಿದ ಜನ ಚಪ್ಪಾಳೆ ತಟ್ಟಿದರು. ಹೊಗೆಯಿಲ್ಲ, ಬೆಂಕಿಯಿಲ್ಲ, ಗುಂಡಿಲ್ಲ. ಅಕ್ಕ ನಿಂತೇ ಇದ್ದಳು. ಆಗ ಪ್ರೊಫೆಸರನಿಗೆ ಕಂಡಿತು. ಅವಳ ಪಿಸ್ತೂಲಿನ ಕೊಕ್ಕು ಇನ್ನೂ ಹಿಂದಕ್ಕೇ ಬಾಗಿತ್ತು. ಬೆರಳು ಟ್ರಿಗರಿನಿಂದ ಆಚೆ ನೆಟ್ಟಗೆ ಚಾಚಿತ್ತು. ಜನ ಕೇಳಿದ ಸದ್ದು ಅವನೊಬ್ಬನದು.

ಅವಳು ಹೆಬ್ಬೆರಳಿನಿಂದ ಕೊಕ್ಕನ್ನು ಮೆಲ್ಲಗೆ ಇಳಿಸಿ, ಪಿಸ್ತೂಲನ್ನು ಪೆಟ್ಟಿಗೆಗಿಟ್ಟು, ಕಟ್ಟೆ ಹತ್ತಿದಳು. ಕೂಗಿಗೆ ಕೂಗು ಏರಿತು. ಸುತ್ತಿಗೆ ಬಿತ್ತು. ಮಫ್ಲರಿನವ ಅಲ್ಲೇ ಪೆಟ್ಟಿಗೆಯನ್ನು ತೋಳಿನಡಿ ಇರುಕಿಕೊಂಡು ಹೊರಟ. ಅವನ ಕಾರು ಬೀದಿಯ ತಿರುವು ದಾಟಿತೋ ಇಲ್ಲವೋ, ಪ್ರೊಫೆಸರನ ಮೈಯಿಂದ ಹಗೆ ಜ್ವರ ಬಿಟ್ಟ ಹಾಗೆ ಬಿಟ್ಟುಹೋಯಿತು. ಮಾಡಿದ್ದೇನೆಂದು ಆಗ ಗೊತ್ತಾಯಿತು. ಹಿಂದಿನ ಕೋಣೆಗೆ ಓಡಿದ.

ಅಕ್ಕ ಕನ್ನಡಿಯ ಮುಂದೆ ಕಾಲರ್ ಸರಿಸಿ ನೋಡಿಕೊಳ್ಳುತ್ತಿದ್ದಳು. ಎದೆಯ ಮೇಲ್ಭಾಗದಲ್ಲಿ ರೂಪಾಯಿಯಗಲದ ಕಪ್ಪು ಕಲೆ. ಸುತ್ತಲೂ ಮದ್ದು ಸಿಡಿದ ಚುಕ್ಕೆಗಳು. ರಕ್ತವಿರಲಿಲ್ಲ.

"ಅಕ್ಕ! ನೋವಾಗ್ತಿದೆಯಾ?"

"ಇಲ್ಲ." ಅವಳು ಗುಂಡಿ ಹಾಕಿಕೊಂಡಳು. "ನನಗೂ ಒತ್ತಬೇಕು ಅನ್ನಿಸಿತ್ತು. ಆದ್ರೆ ಆ ಹೊತ್ತಲ್ಲಿ ನೀನು ಚಿಕ್ಕವನಾಗಿ ಕಂಡೆ. ಬೆರಳು ತೆಗೆದೆ."

ಹವಾಮಾನದ ವರದಿ ಓದುವ ದನಿ. ಸಿಟ್ಟು ಬಂದಿದೆ, ಬರದೆ ಏನು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡ. ಇಳಿಯಲು ಸಿಟ್ಟು ಇರಲೇ ಇಲ್ಲ. ಅವಳು ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮಧ್ಯಾಹ್ನ ತನ್ನ ಡಬ್ಬಿಯನ್ನು ತಾನು ಪೂರ್ತಿ ಉಂಡು, ತೊಳೆದಿಟ್ಟಳು. ಅವನು ಅವಳಿಗಿಷ್ಟವಾದ ಪೆನ್ನು ತಂದುಕೊಟ್ಟರೆ ಥ್ಯಾಂಕ್ಸ್ ಎಂದಳು. ಅವನು ಬೇಕೆಂದೇ ಒಂದು ತಪ್ಪು ಮಾಡಿದರೆ ತಿದ್ದಿಕೊಟ್ಟಳು. ಹತ್ತನೆಯ ದಿನ ಅವನು ಅಜ್ಜಿಯ ಮನೆ ಹುಡುಕಿಕೊಂಡು ಹೋದ.

ಅಜ್ಜಿ ಬೀದಿಗೆ ತೆರೆದ ಕಿಟಕಿಯ ಪಕ್ಕ ಕೂತಿದ್ದಳು. ಎದುರಿಗೆ ಗಡಿಯಾರ ರಿಪೇರಿಯ ಚಿಕ್ಕ ಅಂಗಡಿ, ಅದರಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮುದುಕ.

"ಅವನೇ ನಮ್ಮಣ್ಣ," ಎಂದಳು. "ಒತ್ತಿದ್ದು ನಾನು."

ಪ್ರೊಫೆಸರ್ ಕಿಟಕಿಯಾಚೆ ಆ ಮುದುಕನನ್ನೇ ನೋಡಿದ. "ಎಷ್ಟು ದಿನಕ್ಕೆ ಸರಿಹೋಗತ್ತೆ?"

"ಮೂವತ್ತೊಂದು ವರ್ಷ ಆಯ್ತು. ದಿನಾ ಹೋಗಿ ಮಾತಾಡಿಸ್ತೀನಿ. ಚೆನ್ನಾಗೇ ಮಾತಾಡ್ತಾನೆ. ಎಲ್ಲ ಗಿರಾಕಿಗಳ ಹತ್ರಾನೂ ಚೆನ್ನಾಗೇ ಮಾತಾಡ್ತಾನೆ."

"ಏನಾದ್ರೂ ದಾರಿ ಇರಬೇಕಲ್ಲ! ಪಿಸ್ತೂಲು ವಾಪಸ್ ತರ್ತೀನಿ. ಅವಳೂ ನನ್ನ ಮೇಲೆ ಒತ್ತಲಿ. ಆಗ ನನಗೂ ಏನೂ ಅನ್ನಿಸಲ್ಲ. ಸಮ ಆಗತ್ತೆ."

"ಒತ್ತೋಕೆ ಹಗೆ ಬೇಕಲ್ಲಪ್ಪ. ಆ ಏಟು ಅಕ್ಕರೆ ಜೊತೆಗೆ ಅದನ್ನೂ ತಗೊಂಡು ಹೋಗಿರತ್ತೆ." ಅಜ್ಜಿ ಅವನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಕನಿಕರವಿರಲಿಲ್ಲ. "ಷರತ್ತು ಬರ್ಕೊಂಡೆ ಅಂದ್ರಲ್ಲ ನೀವು."

ಅವನು ತಲೆ ತಗ್ಗಿಸಿ ಎದ್ದು ಬಂದ. ಸೀದಾ ಕಚೇರಿಗೆ ಹೋಗಿ, ಅಕ್ಕನ ಕೋಣೆಯ ಬಾಗಿಲು ಹಾಕಿ, ಅವಳ ಕುರ್ಚಿಯ ಮುಂದೆ ನೆಲದ ಮೇಲೆ ಕುಸಿದ. ಎಲ್ಲವನ್ನೂ ಹೇಳಿದ. ಅಜ್ಜಿಯ ಮಾತು, ಖಾಲಿ ಬಿಟ್ಟ ಅಂಕಣ, ತಾಮ್ರದ ತುಣುಕು, ಗುರುವಾರ ಅವಳು ಕೇಳಿದಾಗ ಹೇಳಿದ ಸುಳ್ಳು. ಮೂರು ಎಣಿಸಿದಾಗ ತನ್ನ ಮನಸ್ಸಿನಲ್ಲಿದ್ದದ್ದನ್ನೂ ಮುಚ್ಚಿಡಲಿಲ್ಲ.

"ಬೈಯಿ ಅಕ್ಕ. ಹೊಡಿ. ಮನೆಯಿಂದ ಆಚೆ ಹಾಕು. ಏನಾದ್ರೂ ಮಾಡು."

ಅಕ್ಕ ಪೆನ್ನು ಕೆಳಗಿಟ್ಟಳು. ಅವನ ಮಾತನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ನಿಜವಾಗಿಯೂ ಪ್ರಯತ್ನಪಟ್ಟಳು. ಎಲ್ಲಿಟ್ಟೆನೆಂದು ಬೀಗದ ಕೈಯನ್ನು ತಡಕುವವರ ಹಾಗೆ ತನ್ನೊಳಗೆಲ್ಲ ತಡಕಿದಳು.

"ಎಲ್ಲಾ ನೆನಪಿದೆ," ಎಂದಳು ಕೊನೆಗೆ. "ನಿನಗೆ ಜ್ವರ ಬಂದಿದ್ದು, ನಾನು ರಾತ್ರಿಯೆಲ್ಲ ಕೂತಿದ್ದು. ಯಾರದೋ ಮನೆ ಕತೆ ಓದಿದ ಹಾಗೆ ನೆನಪಿದೆ. ನೀನು ಹೀಗೆ ಅಳೋವಾಗ ನನಗೆ ಏನೋ ಆಗಬೇಕು ಅಂತಲೂ ಗೊತ್ತು. ಹುಡುಕಿದೆ. ಅಲ್ಲೇನೂ ಇಲ್ಲ."

ಬಾಗಿಲು ಬಡಿದ ಸದ್ದಾಯಿತು. ಯಾರೋ ಹಳೆಯ ಗಿರಾಕಿ ಬಂದಿದ್ದರು. ಅವಳು ಎದ್ದು, ಅವನ ಕಾಲು ತುಳಿಯದಂತೆ ಸುತ್ತಿಕೊಂಡು, ಲೋಟದಲ್ಲಿ ನೀರು ಬಗ್ಗಿಸಿ ಅವನ ಪಕ್ಕ ಇಟ್ಟು ಹೊರಗೆ ಹೋದಳು. ಬಾಗಿಲಾಚೆ ಗಿರಾಕಿ ಏನೋ ತಮಾಷೆ ಹೇಳಿದ. ಅಕ್ಕ ನಕ್ಕಳು. ಬಾಯ್ತುಂಬ, ಎದೆಯಾಳದಿಂದ, ಕೊನೆಯಲ್ಲಿ ಸ್ವಲ್ಪ ಕೆಮ್ಮು ಬರುವ ಹಾಗೆ, ಮೊದಲಿನಿಂದಲೂ ಅವಳು ನಗುತ್ತಿದ್ದದ್ದೇ ಹಾಗೆ. ಅವನು ಮುಖ ಒರೆಸಿಕೊಂಡು, ಆ ನಗು ಮುಗಿಯುವವರೆಗೂ ಬಾಗಿಲ ಹಿಂದೆಯೇ ನಿಂತು ಕೇಳಿದ.